ಅಂಗಳದ ಮರ ಕಡಿಸಬೇಕಾ? ಮೊದಲು ಪಡು (ಪಶ್ಚಿಮ) ಬದಿಗೆ ಬಂದು ನಿಲ್ಲಿ

[ದೃಶ್ಯ: ಅಂಗಳದ ಮೂಲೆಯಲ್ಲಿ ದೊಡ್ಡ ಕಾಟುಮಾವು. ಮೇ ತಿಂಗಳ ಬೆಳಗ್ಗೆ. ನೆಲದ ತುಂಬ ಬಿದ್ದ ಹಣ್ಣು.]

ನಮಸ್ಕಾರ. ಹಿಂದೆ ಕಾಣುತ್ತಿರುವುದು ನಮ್ಮ ಮನೆಯ ಕಾಟುಮಾವು. ಮಣಿಪಾಲ ದಾಟಿ ಪರ್ಕಳದ ಬದಿಗೆ ನಮ್ಮ ಮನೆ. ಮೇ ತಿಂಗಳು ಬಂತು ಅಂದರೆ ಈ ಮರದ ಮೇಲೆ ದೂರು ಶುರು. ನಿನ್ನೆ ಪಕ್ಕದ ಮನೆಯ ಅಕ್ಕ ಕಂಪೌಂಡಿನ ಆಚೆಯಿಂದಲೇ ಕೇಳಿದರು: "ಎಂತ ಮಾರಾಯ, ಈ ಸಲವಾದರೂ ಕಡಿಸ್ತೀಯಾ ಇಲ್ವಾ? ಗಾಳಿ ಬಂದರೆ ನನಗೆ ನಿದ್ದೆ ಬರುವುದಿಲ್ಲ."

ಅವರ ಹೆದರಿಕೆ ಸುಳ್ಳಲ್ಲ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಮಳೆಗಾಲ ಶುರುವಾಗುವ ಮೊದಲೇ ಎಲ್ಲರೂ ಮನೆ ಪಕ್ಕದ ಮರ ನೋಡಿ ನೋಡಿ ಕೂತಿದ್ದೆವು, ನೆನಪುಂಟಲ್ಲ?

ಆದರೆ ಹೆದರಿದವರು ನೋಡುವುದು ಮೇಲೆ. ಮರ ಎಷ್ಟು ಎತ್ತರ, ಯಾವ ಗೆಲ್ಲು, ಅಂದರೆ ಕೊಂಬೆ, ಮನೆಯ ಮಾಡಿನ ಕಡೆಗಿದೆ, ಎಷ್ಟು ಎಲೆ ಉದುರುತ್ತದೆ. ನಾನೂ ಹಾಗೆಯೇ ನೋಡುತ್ತಿದ್ದೆ. ಹೆಬ್ಬಲಸು ಬೀಳುವವರೆಗೆ.

[ದೃಶ್ಯ: ಹಳೆಯ ಫೋಟೊ. ಬಿದ್ದ ಮರ, ಬಾಗಿದ ಶೀಟ್, ಬೈಕಿನ ಹ್ಯಾಂಡಲ್ ಮಾತ್ರ ಕಾಣುತ್ತಿದೆ.]

ಈಗ ಬೈಕ್ ನಿಲ್ಲಿಸಿದ್ದೇನಲ್ಲ, ಅಲ್ಲೇ ಒಂದು ಹೆಬ್ಬಲಸು ಇತ್ತು. ನೆಟ್ಟಗೆ, ಹಸಿರಾಗಿ, ಫೋಟೊ ತೆಗೆಯುವ ಹಾಗೆ. ಯಾರೂ ಅದನ್ನು ಕಡಿಸು ಅಂದವರಲ್ಲ. ಕಂಪೌಂಡ್ ಕಟ್ಟಿಸುವಾಗ ಪಾಯಕ್ಕೆ ಜೆಸಿಬಿ ಬಂತು. ಮರದ ಬುಡದಿಂದ ಮೂರಡಿ ದೂರದಲ್ಲಿ ಚರಂಡಿಯ ಹಾಗೆ ಅಗೆದರು. ಬೇರು ಸಿಕ್ಕಿತು, ಕತ್ತರಿಸಿದರು. "ಒಂದು ಬದಿಯದ್ದು ಮಾತ್ರ ಅಲ್ವಾ, ಎಂತ ಆಗುವುದಿಲ್ಲ" ಅಂದರು ಕೆಲಸದವರು. ನಾನೂ ಹೌದು ಅಂದೆ. ಎರಡು ಮಳೆಗಾಲ ಎಂತ ಆಗಲಿಲ್ಲ. ಮೂರನೆಯ ವರ್ಷ ಜುಲೈಯಲ್ಲಿ, ರಾತ್ರಿ ಎರಡು ಗಂಟೆಗೆ, ಬುಡಸಮೇತ ಮಗುಚಿ ಶೆಡ್ಡಿನ ಮೇಲೆ ಬಿತ್ತು. ಬೆಳಗ್ಗೆ ಹೋಗಿ ನೋಡಿದರೆ ಎಲೆ ಒಂದೂ ಬಾಡಿರಲಿಲ್ಲ. ಬೇರಿನ ಕಡೆ ನೋಡಿದಾಗ ಗೊತ್ತಾಯಿತು. ಜೆಸಿಬಿ ಕತ್ತರಿಸಿದ ತುದಿಗಳೆಲ್ಲ ಕಪ್ಪಾಗಿ, ಬೆರಳಲ್ಲಿ ಒತ್ತಿದರೆ ನೀರಲ್ಲಿ ನೆನೆದ ರೊಟ್ಟಿಯ ಹಾಗೆ ಮೆತ್ತಗೆ.

ಅಗೆದದ್ದು ಪಡು ಬದಿಯಲ್ಲಿ. ಅದೇ ದೊಡ್ಡ ತಪ್ಪು.

ಮಳೆಗಾಲದಲ್ಲಿ ನಮಗೆ ಗಾಳಿ ಬರುವುದು ಕಡಲ ಕಡೆಯಿಂದ, ಅಂದರೆ ಪಶ್ಚಿಮ, ನೈಋತ್ಯದಿಂದ. ಗಾಳಿ ಮರವನ್ನು ಮೂಡಕ್ಕೆ ತಳ್ಳುವಾಗ ಅದನ್ನು ಹಿಂದಕ್ಕೆ ಎಳೆದು ಹಿಡಿಯುವುದು ಪಡು ಬದಿಯ ಬೇರು, ಡೇರೆಗೆ ಕಟ್ಟಿದ ಹಗ್ಗದ ಹಾಗೆ. ನಮ್ಮ ನೆಲವೂ ಹಾಗೇ ಉಂಟು. ಮೇಲೆ ಎರಡು ಮೂರು ಅಡಿ ಮಣ್ಣು, ಕೆಳಗೆ ಮುರಕಲ್ಲು, ಅಂದರೆ ಗಟ್ಟಿ ಕೆಂಪು ಕಲ್ಲು. ಬೇರು ಆಳಕ್ಕೆ ಇಳಿಯಲು ಜಾಗ ಇಲ್ಲದ ಕಡೆ ತಟ್ಟೆಯ ಹಾಗೆ ಅಗಲಕ್ಕೆ ಹೋಗುತ್ತದೆ. ಮಳೆಗೆ ಆ ಮಣ್ಣು ನೆನೆದು ಮೆತ್ತಗಾದ ಮೇಲೆ ಮರವನ್ನು ನಿಲ್ಲಿಸುವುದು ಬೇರಿನ ಅಗಲ ಮಾತ್ರ.

ಹಾಗಾಗಿ ನಿಮ್ಮ ಅಂಗಳದಲ್ಲಿ ಮರ ಇದ್ದರೆ ಮೊದಲು ಅದರ ಪಡು ಬದಿಗೆ ಹೋಗಿ ನಿಲ್ಲಿ. ನೆಲ ನೋಡಿ.

[ದೃಶ್ಯ: ಕ್ಯಾಮೆರಾ ಬುಡದ ಹತ್ತಿರ. ಕೈಯಲ್ಲಿ ಒಣ ಎಲೆ ಸರಿಸುವುದು.]

ಮಣ್ಣಿನಲ್ಲಿ ಕಮಾನಿನ ಹಾಗೆ ಬಿರುಕು ಬಿಟ್ಟಿದೆಯಾ? ನೆಲ ಸ್ವಲ್ಪ ಉಬ್ಬಿದೆಯಾ? ಗಾಳಿ ಬೀಸುವಾಗ ಬುಡದ ಮಣ್ಣು ಉಸಿರಾಡುವ ಹಾಗೆ ಎದ್ದು ಇಳಿಯುತ್ತದೆಯಾ? ಈ ಮೂರರಲ್ಲಿ ಒಂದು ಕಂಡರೂ ಈ ವಿಡಿಯೋ ಪೂರ್ತಿ ನೋಡುವುದು ಬೇಡ. ಮರದ ಕೆಳಗೆ ಯಾರೂ ಹೋಗದ ಹಾಗೆ ಮಾಡಿ, ಆ ಬದಿಯ ಕೋಣೆಯಲ್ಲಿ ಮಲಗುವುದು ನಿಲ್ಲಿಸಿ, ತಿಳಿದವರನ್ನು ಅವತ್ತೇ ಕರೆಸಿ.

ವಾಲಿದ ಮರವೆಲ್ಲ ಬೀಳುವುದಿಲ್ಲ. ಬೆಳಕಿಗಾಗಿ ಚಿಕ್ಕಂದಿನಿಂದಲೇ ವಾಲಿ ಬೆಳೆದ ಮರದ ಮೇಲ್ಭಾಗ ನಿಧಾನವಾಗಿ ನೆಟ್ಟಗಾಗಲು ನೋಡುತ್ತದೆ, ಕಾಂಡದಲ್ಲಿ ಒಂದು ಬಳುಕು ಕಾಣುತ್ತದೆ. ಅದು ಹಳೆಯ ವಾಲು. ಕೋಲಿನ ಹಾಗೆ ನೇರ ಇರುವ ಮರ ಬುಡದಿಂದಲೇ ಒಂದು ಬದಿಗೆ ಸರಿದಿದ್ದರೆ ಅದು ಹೊಸ ವಾಲು. ಹೆದರಬೇಕಾದದ್ದು ಅದಕ್ಕೆ. ಪ್ರತಿ ವರ್ಷ ಒಂದೇ ಜಾಗದಲ್ಲಿ ನಿಂತು ಮೊಬೈಲಲ್ಲಿ ಒಂದು ಫೋಟೊ ತೆಗೆದಿಡಿ. ವಾದ ಮಾಡುವ ಕೆಲಸವೇ ಇಲ್ಲ.

ಇನ್ನು ಬೇರು ಕತ್ತರಿಸಿದ ಮರ. ಕಾಂಡದ ಅಡ್ಡಳತೆ ಎರಡು ಅಡಿ ಇದ್ದರೆ ಅದರ ಮೂರು ಪಟ್ಟು, ಅಂದರೆ ಆರು ಅಡಿ ಒಳಗೆ ದಪ್ಪ ಬೇರು ಕತ್ತರಿಸಬಾರದು. ನಮ್ಮದು ಮೂರಡಿ ಆಗಿತ್ತು, ಲೆಕ್ಕ ನೀವೇ ಹಾಕಿ. ಗುಡ್ಡ ಕಡಿದು ಮನೆ ಕಟ್ಟಿದ ಕಡೆ ಬರೆಯ, ಅಂದರೆ ಕಡಿದು ಉಳಿದ ಮಣ್ಣಿನ ಗೋಡೆಯ, ಅಂಚಿನಲ್ಲಿ ಉಳಿದ ಮರಗಳ ಕಥೆಯೂ ಇದೇ. ಅರ್ಧ ಬೇರು ಗಾಳಿಯಲ್ಲಿ ನೇತಾಡುತ್ತಿರುತ್ತದೆ. ಅಂಥದ್ದನ್ನು ಉಳಿಸಿ ಅಂತ ನಾನು ಹೇಳುವುದಿಲ್ಲ.

[ದೃಶ್ಯ: ಮನೆಯ ಹಿಂದಿನ ಹಲಸು. ಬುಡದಲ್ಲಿ ಕಂದು ಬಣ್ಣದ ಗಟ್ಟಿ ಅಣಬೆ.]

ಈಗ ಮನೆ ಹಿಂದೆ ಬನ್ನಿ. ಇದು ಅಜ್ಜ ನೆಟ್ಟ ಹಲಸು. ಬುಡದಲ್ಲಿ ನೋಡಿ, ಮರಕ್ಕೆ ಅಂಟಿಸಿದ ತಟ್ಟೆಯ ಹಾಗೆ ಅಣಬೆ. ಮಳೆಗೆ ಎದ್ದು ಎರಡು ದಿನದಲ್ಲಿ ಕರಗುವ ಮೆತ್ತನೆಯ ಅಣಬೆ ಬೇರೆ. ಇದು ಮರದಷ್ಟೇ ಗಟ್ಟಿ. ಇಂಥದ್ದು ಬುಡದಲ್ಲಿ ಬಂತು ಅಂದರೆ ಒಳಗೆ ಮರ ಕೊಳೆಯುತ್ತಿದೆ ಅಂತ ಅರ್ಥ. ಕಿತ್ತು ಬಿಸಾಡಿದರೆ ಪ್ರಯೋಜನ ಇಲ್ಲ, ರೋಗ ಒಳಗೇ ಇರುತ್ತದೆ.

ಕೊಡತಿ ತಂದಿದ್ದೇನೆ. ಕೇಳಿ.

[ಶಬ್ದ: ಮೇಲ್ಗಡೆ ಟಕ್, ಟಕ್. ಬುಡದಲ್ಲಿ ಡಬ್, ಡಬ್.]

ಗೊತ್ತಾಯಿತಲ್ಲ? ಮೇಲೆ ಟಕ್ ಅಂದದ್ದು ಗಟ್ಟಿ. ಕೆಳಗೆ ಖಾಲಿ ಡ್ರಮ್. ಹಾಗಂತ ಪೊಟರೆ ಇದ್ದ ಕೂಡಲೇ ಕಡಿಯಬೇಕಾಗಿಲ್ಲ. ಸೈಕಲ್ಲಿನ ಪೈಪೂ ಟೊಳ್ಳೇ ಅಲ್ವಾ? ಹೊರಗಿನ ಗಟ್ಟಿ ಮರ ಎಷ್ಟು ದಪ್ಪ ಉಳಿದಿದೆ ಅನ್ನುವುದು ಮುಖ್ಯ. ಪರಿಣತರು ಹಿಡಿಯುವ ಒಂದು ಅಂದಾಜು ಉಂಟು: ಮಧ್ಯದಿಂದ ತೊಗಟೆಯವರೆಗಿನ ಅಳತೆಯಲ್ಲಿ ಮೂರನೇ ಒಂದು ಪಾಲು ಗಟ್ಟಿ ಇರಬೇಕು. 60 ಸೆಂಟಿಮೀಟರ್ ಅಡ್ಡಳತೆಯ ಮರಕ್ಕೆ ಸುತ್ತಲೂ 10 ಸೆಂಟಿಮೀಟರ್. ಪೊಟರೆಗೆ ಒಂದು ಬದಿಯಲ್ಲಿ ಬಾಯಿ ತೆರೆದಿದ್ದರೆ ಅಷ್ಟು ಸಾಲದು. ಈ ಹಲಸಿನ ಬುಡಕ್ಕೆ ಉದ್ದ ಸ್ಕ್ರೂಡ್ರೈವರ್ ಚುಚ್ಚಿ ನೋಡಿದೆ. ಅಣಬೆ ಇದ್ದ ಕಡೆ ಹಿಡಿಯವರೆಗೆ ಹೋಯಿತು. ಬೆಣ್ಣೆಗೆ ಹೋದ ಹಾಗೆ.

ಸಣ್ಣ ಪುಟ್ಟ ಗಾಯಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ತುಳುನಾಡಿನ ಆಟಿ ಅಮಾವಾಸ್ಯೆಗೆ ಕಷಾಯಕ್ಕೆ ಅಂತ ಪಾಲೆ ಮರದ ತೊಗಟೆ ಪ್ರತಿ ವರ್ಷ ಕಲ್ಲಲ್ಲಿ ಜಜ್ಜಿ ತೆಗೆಯುತ್ತೇವೆ, ಮರ ಬದುಕಿಯೇ ಇರುತ್ತದೆ. ಸುತ್ತಲೂ ಉಂಗುರದ ಹಾಗೆ ತೆಗೆದರೆ ಮಾತ್ರ ಸಾಯುತ್ತದೆ. ಮಾವಿನ ಗೆಲ್ಲಿಗೆ ಬಂದಳಿಕೆ (ಮರದ ಮೇಲೇ ಬೆಳೆದು ಅದರ ರಸ ಹೀರುವ ಗಿಡ) ಹಿಡಿದರೆ ಆ ಗೆಲ್ಲು ತೆಗೆದರೆ ಸಾಕು. ಗೆದ್ದಲು ಕೂಡ ಹೆಚ್ಚಾಗಿ ತಿನ್ನುವುದು ಸತ್ತ ತೊಗಟೆಯನ್ನು.

ತೆಂಗಿನ ಮರದ ಲೆಕ್ಕವೇ ಬೇರೆ. ಅದಕ್ಕೆ ಇರುವುದು ಒಂದೇ ಸುಳಿ. ಸುಳಿ ಕೊಳೆತು ಕೈಗೆ ಕಿತ್ತು ಬಂತೋ, ಮರದ ಕಥೆ ಮುಗಿದ ಹಾಗೆ. ಕಾಂಡದಲ್ಲಿ ತೂತು, ಅದರಿಂದ ಕಂದು ರಸ, ಜಗಿದು ಉಗುಳಿದಂಥ ನಾರು ಕಂಡರೆ ಅದು ಕೆಂಪು ಮೂತಿ ಹುಳ. ಮಧ್ಯಾಹ್ನ ಸದ್ದಿಲ್ಲದ ಹೊತ್ತಲ್ಲಿ ಕಾಂಡಕ್ಕೆ ಕಿವಿ ಇಟ್ಟು ಕೇಳಿ. ಒಳಗೆ ಮರಿಹುಳ ಕರ ಕರ ಅಂತ ತಿನ್ನುವುದು ಕೇಳಿಸುತ್ತದೆ. ಬೇಗ ಗೊತ್ತಾದರೆ ಔಷಧಿ ಉಂಟು. ತಲೆಯೇ ಬಿದ್ದ ಮರವನ್ನು ಬೋಳು ಕಂಬದ ಹಾಗೆ ಬಿಡಬೇಡಿ. ಅಲ್ಲೇ ಹುಳ ಮರಿ ಮಾಡಿ ಪಕ್ಕದ ಮರಕ್ಕೆ ಹೋಗುತ್ತದೆ.

ಇನ್ನೊಂದು ಮಾತು, ಸ್ವಲ್ಪ ಸಿಟ್ಟಿನಲ್ಲೇ ಹೇಳುತ್ತೇನೆ. ಕಡಿಯಲು ಮನಸ್ಸಿಲ್ಲ, ಬಿಡಲು ಧೈರ್ಯ ಇಲ್ಲ ಅಂತ ಮರದ ತಲೆ ಬೋಳಿಸುತ್ತಾರಲ್ಲ, ಅದು ಎರಡೂ ಅಲ್ಲದ ಕೆಲಸ. ಕಡಿದ ತುದಿ ಕೊಳೆಯುತ್ತದೆ. ಅದರ ಪಕ್ಕದಲ್ಲೇ ಗೊಂಚಲು ಗೊಂಚಲಾಗಿ ಚಿಗುರು ಬರುತ್ತದೆ. ಆ ಚಿಗುರಿಗೆ ಒಳಗಿನಿಂದ ಹಿಡಿತ ಇರುವುದಿಲ್ಲ, ತೊಗಟೆಯ ಅಡಿಯಿಂದ ಎದ್ದದ್ದು. ನಾಲ್ಕೈದು ವರ್ಷದಲ್ಲಿ ಅವೇ ತೊಡೆ ದಪ್ಪದ ಗೆಲ್ಲಾಗಿ ಮುರಿದು ಬೀಳುತ್ತವೆ. ಬೋಳಿಸಿದ ಖರ್ಚಿನಲ್ಲಿ ಅಪಾಯ ಕೊಂಡುಕೊಂಡ ಹಾಗಾಯಿತು.

[ದೃಶ್ಯ: ಮೇಜಿನ ಮೇಲೆ ಅರ್ಜಿ, ಆರ್‌ಟಿಸಿ ಪ್ರತಿ.]

ಕಡಿಸುವುದೇ ಅಂತ ಆದರೆ ಸುಮ್ನೆ ಗರಗಸ ತರಬೇಡಿ. ನಮ್ಮ ಜಾಗದ ಮರವಾದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಅನುಮತಿ ಬೇಕು. ತೆಂಗು, ರಬ್ಬರ್, ಗಾಳಿಮರ, ಸಿಲ್ವರ್ ಓಕ್‌ನಂಥ ಕೆಲವಕ್ಕೆ ವಿನಾಯಿತಿ ಉಂಟು. ಸತ್ತ, ರೋಗ ಬಂದ, ಜೀವಕ್ಕೋ ಆಸ್ತಿಗೋ ಅಪಾಯ ಇರುವ ಮರಕ್ಕೆ ಅನುಮತಿ ನಿರಾಕರಿಸಬಾರದು ಅಂತ ಕಾಯ್ದೆಯಲ್ಲೇ ಇದೆ. ಅಪಾಯ ಕಾಣುವ ಹಾಗೆ ಬುಡದ ಫೋಟೊ ಅರ್ಜಿಯ ಜೊತೆ ಇಡಿ, ದೂರದಿಂದ ತೆಗೆದ ಹಸಿರು ಮರದ ಫೋಟೊ ಬೇಡ. ಕಡಿದ ಮೇಲೆ ಬದಲಿಗೆ ಗಿಡ ನೆಡುವ ಹೊಣೆಯೂ ನಿಮ್ಮದೇ. ಗೆಲ್ಲು ಕರೆಂಟ್ ತಂತಿಗೆ ತಾಗಿದ್ದರೆ ದೋಟಿ ಹಿಡಿದು ನೀವೇ ಹೋಗಬೇಡಿ, 1912ಕ್ಕೆ ಫೋನ್ ಮಾಡಿ. ನಾಗಬನದ ಮರವಾದರೆ ಮನೆಯ ಹಿರಿಯರನ್ನು, ಅರ್ಚಕರನ್ನು ಕೇಳದೆ ಕತ್ತಿ ಎತ್ತುವವರು ನಮ್ಮೂರಲ್ಲಿ ಯಾರೂ ಸಿಗುವುದಿಲ್ಲ. ಅದನ್ನು ನಾನು ಹೇಳಬೇಕಾಗಿಯೂ ಇಲ್ಲ.

[ದೃಶ್ಯ: ಮತ್ತೆ ಕಾಟುಮಾವಿನ ಬುಡ.]

ಸರಿ, ಅಕ್ಕನ ಪ್ರಶ್ನೆಗೆ ಬರೋಣ. ಕಾಟುಮಾವಿನ ಪಡು ಬದಿಯಲ್ಲಿ ಬಿರುಕಿಲ್ಲ. ಬೇರು ಯಾರೂ ಮುಟ್ಟಿಲ್ಲ. ಕೊಡತಿಗೆ ಸುತ್ತಲೂ ಟಕ್ ಅಂದಿತು. ಅವರ ಮಾಡಿನ ಕಡೆಗೆ ಒಣಗಿದ ಒಂದು ಗೆಲ್ಲುಂಟು, ಅದು ಹೋಗುತ್ತದೆ. ಬುಡಕ್ಕೆ ಒತ್ತಿಕೊಂಡು ಹಾಕಿದ ಇಂಟರ್‌ಲಾಕ್ ಕೂಡ ಆರು ಅಡಿ ದೂರದವರೆಗೆ ಕಿತ್ತು ತೆಗೆಯುತ್ತೇನೆ, ನೀರು ಇಂಗಲಿ. ಮರ ಇರುತ್ತದೆ.

ಹೋಗುವುದು ಹಲಸು. ಅದರ ಬಗ್ಗೆ ಇಷ್ಟು ವರ್ಷ ಯಾರೂ ಒಂದು ಮಾತು ಹೇಳಿರಲಿಲ್ಲ, ಅಮ್ಮನಿಗಂತೂ ಈಗಲೂ ಮನಸ್ಸಿಲ್ಲ. "ಈ ವರ್ಷದ ಹಣ್ಣು ಮುಗಿಯಲಿ" ಅಂದರು. ಹಣ್ಣು ಮುಗಿಯುವಾಗ ಮಳೆ ಬಂದಿರುತ್ತದೆ ಅಮ್ಮಾ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ಗುಜ್ಜೆಯನ್ನಾದರೂ (ಎಳೆ ಹಲಸಿನಕಾಯಿ) ಇಳಿಸಿ ಕೊಡು, ಪಲ್ಯಕ್ಕಾಯಿತು ಅಂದರು. ಅರ್ಜಿ ಕೊಟ್ಟಾಗಿದೆ. ಕಡಿದ ದಿನ ಬುಡದ ಒಳಗೆ ಹೇಗಿತ್ತು ಅಂತ ನಿಮಗೆ ತೋರಿಸುತ್ತೇನೆ.