ನೆಲದಡಿ ಹಾಕಿ ಅಂದರೆ ಸಾಕೇ?

ಕೇಳುಗರಿಗೆಲ್ಲ ನಮಸ್ಕಾರ.

ಉಡುಪಿಯಿಂದ ಕಾಸರಗೋಡಿಗೆ 400 ಕೆ.ವಿ., ಅಂದರೆ ನಾಲ್ಕು ಲಕ್ಷ ವೋಲ್ಟಿನ ವಿದ್ಯುತ್ ಮಾರ್ಗ ಎಳೆಯುವ ಯೋಜನೆಗೆ ಕರಾವಳಿಯ ರೈತರು ವಿರೋಧ ಮಾಡಿದ್ದು ನಿಮಗೆ ಗೊತ್ತಿರಬಹುದು. ತೋಟದ ಮೇಲೆ ಟವರ್ ಲೈನ್ ಬೇಡ, ನೆಲದಡಿ ಕೇಬಲ್ ಹಾಕಿ ಅನ್ನುವ ಮಾತೂ ಅಲ್ಲಿ ಕೇಳಿಬಂತು. ಈ ಮಾತಿನಲ್ಲಿ ತಪ್ಪೇನೂ ಇಲ್ಲ. 400 ಕೆ.ವಿ. ಲೈನ್ ಹೋದರೆ ಅದರಡಿ ಐವತ್ತು ಮೀಟರ್ ಆಸುಪಾಸಿನ ಅಗಲದ ಪಟ್ಟಿ ಬಿಡಬೇಕು. ಆ ಪಟ್ಟಿಯಲ್ಲಿ ಎತ್ತರದ ಮರ ಇರುವಂತಿಲ್ಲ. ಅಡಿಕೆ, ತೆಂಗು ಬೆಳೆಯುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಅಡಿಕೆ ಸಸಿ ನೆಟ್ಟರೆ ಫಸಲು ಕಾಣಲು ಐದಾರು ವರ್ಷ ಕಾಯಬೇಕು.

ಆದರೆ ಹೀಗೆ ಕೇಳಿದಾಗಲೆಲ್ಲ ಎಂಜಿನಿಯರುಗಳ ಕಡೆಯಿಂದ ಬರುವುದು ಎರಡೇ ಮಾತು. ಖರ್ಚು ಜಾಸ್ತಿ, ತಾಂತ್ರಿಕವಾಗಿ ಕಷ್ಟ. ಇಷ್ಟು ಹೇಳಿ ಸುಮ್ಮನಾದರೆ ಯಾರು ನಂಬುತ್ತಾರೆ? ಬೆಂಗಳೂರಿನಲ್ಲಿ ಹಾಕುತ್ತೀರಿ, ನಮ್ಮೂರಲ್ಲಿ ಯಾಕೆ ಆಗಲ್ಲ ಅಂತ ಜನ ಕೇಳಿಯೇ ಕೇಳುತ್ತಾರೆ. ಇವತ್ತು ಅದನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಟವರ್ ಮೇಲಿನ ತಂತಿಗೆ ಹೊದಿಕೆ ಇಲ್ಲ. ಅದು ಬರೀ ಲೋಹ. ಸುತ್ತಲಿನ ಗಾಳಿಯೇ ಅದಕ್ಕೆ ರಕ್ಷಣೆ, ಕಾವು ಏರಿದರೆ ತಣಿಸುವುದೂ ಅದೇ ಗಾಳಿ. ಎರಡೂ ಪುಕ್ಕಟೆ. ನೆಲದಡಿ ಹೋದ ಕೂಡಲೇ ಈ ಎರಡಕ್ಕೂ ದುಡ್ಡು ಕೊಡಬೇಕು. 220 ಕೆ.ವಿ. ಕೇಬಲ್ ಅಂದರೆ ನಡುವೆ ತಾಮ್ರ, ಅದರ ಸುತ್ತ ದಪ್ಪನೆಯ ಪಾಲಿಥೀನ್ ಪದರ, ಆಮೇಲೆ ಲೋಹದ ಕವಚ, ಹೊರಗೆ ಮತ್ತೆ ಪ್ಲಾಸ್ಟಿಕ್. ಒಂದು ಸಾವಿರ ಚದರ ಮಿಲಿಮೀಟರಿನ ಕೇಬಲ್ ತಗೊಂಡರೆ, ಒಂದೇ ಮೀಟರಿನಲ್ಲಿ ತಾಮ್ರವೇ ಸುಮಾರು 9 ಕೆಜಿ. ಮೂರು ಫೇಸಿಗೆ ಇಂಥ ಮೂರು ಕೇಬಲ್ ಬೇಕು.

ಖರ್ಚಿನ ಮಾತು ಬಿಡಿ. ಅದಕ್ಕಿಂತ ದೊಡ್ಡ ತೊಡಕು ದೂರದ್ದು. ನಮ್ಮ ಮನೆಗೆ ಬರುವುದು ಎ.ಸಿ. ಕರೆಂಟ್. ಸೆಕೆಂಡಿಗೆ 50 ಸಲ ಅದು ಹಿಂದಕ್ಕೂ ಮುಂದಕ್ಕೂ ಆಡುತ್ತದೆ. ಕೇಬಲಿನೊಳಗೆ ತಾಮ್ರ ಒಂದು ಕಡೆ, ಕವಚ ಇನ್ನೊಂದು ಕಡೆ, ನಡುವೆ ಪಾಲಿಥೀನ್. ಅಂದರೆ ಇಡೀ ಕೇಬಲೇ ಒಂದು ಉದ್ದನೆಯ ಕೆಪಾಸಿಟರ್, ವಿದ್ಯುತ್ತನ್ನು ತುಂಬಿಟ್ಟುಕೊಳ್ಳುವ ಸಾಧನ. ಅದನ್ನು ತುಂಬಿಸುವುದಕ್ಕೆ, ಖಾಲಿ ಮಾಡುವುದಕ್ಕೆ ಅಂತಲೇ ಕರೆಂಟ್ ಹರಿಯುತ್ತಿರುತ್ತದೆ. ಎಲ್ಲೂ ಇಳಿಯದೆ, ಕೊನೇ ಸ್ಟಾಪಿನಿಂದ ಮೊದಲ ಸ್ಟಾಪಿಗೆ ಸುಮ್ನೆ ಓಡಾಡುವವರೇ ಬಸ್ಸು ತುಂಬಿಕೊಂಡರೆ ನಿಜವಾದ ಪ್ರಯಾಣಿಕರಿಗೆ ಸೀಟೆಲ್ಲಿ? ಇಲ್ಲೂ ಹಾಗೇ. 220 ಕೆ.ವಿ. ಕೇಬಲಿನಲ್ಲಿ ಈ ಸುಮ್ಮನೆ ಓಡಾಟದ ಕರೆಂಟ್ ಕಿಲೋಮೀಟರಿಗೆ 6-7 ಆಂಪಿಯರ್ ಆಗುತ್ತದೆ. ಐದು ಕಿಲೋಮೀಟರಿಗೆ ಲೆಕ್ಕಕ್ಕೇ ಬರುವುದಿಲ್ಲ. ಐವತ್ತು ಕಿಲೋಮೀಟರ್ ಆದರೆ ಮುನ್ನೂರು ಆಂಪಿಯರ್ ದಾಟುತ್ತದೆ. ಕೇಬಲಿನ ತಾಕತ್ತಿನಲ್ಲಿ ಒಂದು ಪಾಲು ಅಲ್ಲೇ ಹೋಯಿತು. 400 ಕೆ.ವಿ.ಗೆ ಏರಿದರೆ ಇದು ಇನ್ನೂ ಹೆಚ್ಚು. ನಡುನಡುವೆ ರಿಯಾಕ್ಟರ್, ಅಂದರೆ ಈ ಓಡಾಟದ ಕರೆಂಟನ್ನು ಸರಿದೂಗಿಸುವ ದೊಡ್ಡ ತಂತಿ ಸುರುಳಿ, ಕೂರಿಸಿ ಒಂದಷ್ಟು ಸರಿಮಾಡಬಹುದು. ಆದರೆ ಅದಕ್ಕೂ ಜಾಗ ಬೇಕು, ಹಣ ಬೇಕು. ಆದ್ದರಿಂದಲೇ ಪಾವಗಡದ ಸೋಲಾರ್ ಪಾರ್ಕಿನಿಂದಲೋ ಶರಾವತಿಯಿಂದಲೋ ಬರುವ ಕರೆಂಟ್ ಇವತ್ತಿಗೂ ಟವರ್ ಮೇಲೆಯೇ ಬರುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿ.ಮೀ. ಕರೆಂಟ್ ಹೋದದ್ದೂ ಮೇಲಿನ ತಂತಿಯಲ್ಲೇ.

ಹಾಗಾದರೆ ದೂರಕ್ಕೆ ನೆಲದಡಿ ಆಗುವುದೇ ಇಲ್ಲವೇ? ಆಗುತ್ತದೆ, ಡಿ.ಸಿ., ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟ್ ಮಾಡಿದರೆ. ಡಿ.ಸಿ.ಯಲ್ಲಿ ಈ ತುಂಬಿಸಿ ಖಾಲಿ ಮಾಡುವ ರಗಳೆ ಇಲ್ಲ. ಪಕ್ಕದ ಕೇರಳದಲ್ಲೇ ಇದಕ್ಕೆ ಉದಾಹರಣೆ ಇದೆ. ತಮಿಳುನಾಡಿನ ಪುಗಲೂರಿನಿಂದ ತ್ರಿಶೂರಿಗೆ 320 ಕೆ.ವಿ. ಡಿ.ಸಿ. ಮಾರ್ಗ 2021ರಲ್ಲಿ ಚಾಲೂ ಆಯಿತು. 2,000 ಮೆಗಾವ್ಯಾಟ್ ಸಾಗಿಸುತ್ತದೆ. ಕೇರಳದೊಳಗೆ ಟವರ್ ನಿಲ್ಲಿಸಲು ಜಾಗ ಸಿಗದ ಕಡೆ ಸುಮಾರು 27 ಕಿ.ಮೀ. ಕೇಬಲನ್ನು ನೆಲದಡಿಯೇ ಹಾಕಿದರು. ಇದನ್ನು ನೋಡಿದ ಮೇಲೆ ತಾಂತ್ರಿಕವಾಗಿ ಆಗಲ್ಲ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಆದರೆ ಎ.ಸಿ.ಯನ್ನು ಡಿ.ಸಿ. ಮಾಡಿ, ಆಚೆ ತುದಿಯಲ್ಲಿ ಮತ್ತೆ ಎ.ಸಿ. ಮಾಡಲು ಎರಡೂ ತುದಿಗೆ ಭಾರಿ ಸ್ಟೇಷನ್ ಕಟ್ಟಬೇಕು. ಆ ಖರ್ಚು ಕೊನೆಗೆ ಬಂದು ಸೇರುವುದು ನಮ್ಮ ನಿಮ್ಮ ಬಿಲ್ಲಿಗೇ.

ನನ್ನ ಅಭಿಪ್ರಾಯ ಕೇಳಿದರೆ, ಹಳ್ಳಿಯ ಉದ್ದನೆಯ ಲೈನುಗಳಿಗೆ ಕೇಬಲಿನ ಆಸೆ ತೋರಿಸುವುದಕ್ಕಿಂತ ಸರಿಯಾದ ಪರಿಹಾರ ಕೊಡುವುದು ಮೇಲು. 2015ರ ಕೇಂದ್ರದ ಮಾರ್ಗಸೂಚಿಯಲ್ಲಿ ಟವರ್ ನಿಂತ ಜಾಗಕ್ಕೆ ಜಮೀನಿನ ಬೆಲೆಯ ಶೇ. 85, ತಂತಿ ಹಾದ ಪಟ್ಟಿಗೆ ಹೆಚ್ಚೆಂದರೆ ಶೇ. 15 ಅಂತ ಇತ್ತು. 2024ರಲ್ಲಿ ಅದನ್ನು ಟವರ್ ಜಾಗಕ್ಕೆ ಶೇ. 200, ಹಳ್ಳಿಗಳಲ್ಲಿ ಪಟ್ಟಿಗೆ ಶೇ. 30 ಮಾಡಿದರು. ಜಾಸ್ತಿ ಆಯಿತು, ನಿಜ. ಆದರೆ ನೆಲದ ಬೆಲೆ ಯಾರ ಲೆಕ್ಕದ್ದು? ಜಗಳ ಈಗಲೂ ಅಲ್ಲೇ ನಿಂತಿದೆ.

ಊರೊಳಗಿನ ಮಾತೇ ಬೇರೆ. ಬೆಂಗಳೂರಿನಂಥ ಕಡೆ 220 ಕೆ.ವಿ. ಟವರ್ ಲೈನಿಗೆ 35 ಮೀಟರ್ ಪಟ್ಟಿ ಎಲ್ಲಿಂದ ತರುವುದು? ಮನೆಗಳೇ ಅಷ್ಟು ಹತ್ತಿರ ಇವೆ. ಸಬ್‌ಸ್ಟೇಷನ್ನಿನಿಂದ ಸಬ್‌ಸ್ಟೇಷನ್ನಿಗೆ ದೂರವೂ ಕಡಿಮೆ. ಇಲ್ಲಿ ಕೇಬಲ್ ಬೇಕೇ ಬೇಕು. ಮಳೆಗಾಲದಲ್ಲಿ ಕೊಂಬೆ ಬಿದ್ದು ಕರೆಂಟ್ ಹೋಗುವುದು, ತುಂಡಾದ ತಂತಿ ತುಳಿದು ಜೀವ ಹೋಗುವುದು, ಬಾಲ್ಕನಿಯಿಂದ ಕೈಗೆಟುಕುವ ಲೈನು, ಇವೆಲ್ಲ ಕಡಿಮೆಯಾಗುತ್ತವೆ.

ಆದರೆ ಕೇಬಲ್ ಹಾಕಿದರೆ ಚಿಂತೆಯೇ ಇಲ್ಲ ಅಂದುಕೊಳ್ಳಬೇಡಿ. ಅಷ್ಟು ಭಾರದ ಕೇಬಲನ್ನು ಒಂದೇ ಡ್ರಮ್ಮಿಗೆ ಎಷ್ಟು ಸುತ್ತಲು ಸಾಧ್ಯ? ಲಾರಿಯಲ್ಲಿ ಹೋಗಬೇಕು, ಸೇತುವೆಯಡಿ ತೂರಬೇಕು. ಹಾಗಾಗಿ ಅರ್ಧ ಕಿಲೋಮೀಟರಿಗೋ ಸ್ವಲ್ಪ ಹೆಚ್ಚುಕಮ್ಮಿಗೋ ಒಂದು ಜಾಯಿಂಟ್. ಕೇಬಲಿನ ಹಣೆಬರಹ ನಿರ್ಧಾರವಾಗುವುದು ಇಲ್ಲೇ.

ಆ ಕೆಲಸ ನಡೆಯುವುದನ್ನು ಒಮ್ಮೆ ನೋಡಬೇಕು. ರಸ್ತೆ ಬದಿಯ ಗುಂಡಿಯ ಮೇಲೆ ಟೆಂಟ್ ಹಾಕಿರುತ್ತಾರೆ. ಧೂಳು ಬರಬಾರದು, ತೇವ ಇರಬಾರದು. ಡ್ರಮ್ಮಿನಲ್ಲಿ ಸುತ್ತಿದ್ದ ಕೇಬಲ್ ಬಾಗಿರುತ್ತದೆ. ಅದರ ತುದಿಗೆ ಕಾವು ಕೊಟ್ಟು, ನೇರ ಮಾಡಿ, ತಣಿಯಲು ಬಿಡುತ್ತಾರೆ. ಆಮೇಲೆ ಹೊರ ಹೊದಿಕೆ, ಲೋಹದ ಕವಚ, ಒಳಗಿನ ಇಂಗಾಲ ಬೆರೆತ ಕಪ್ಪು ಪದರ ಒಂದೊಂದಾಗಿ ಬಿಚ್ಚುತ್ತಾರೆ. ಕೆಳಗೆ ಬಿಳಿ ಪಾಲಿಥೀನ್ ಕಾಣುತ್ತದೆ. ಅದನ್ನು ಒರಟು ಉಜ್ಜುಕಾಗದದಿಂದ (ಸ್ಯಾಂಡ್‌ಪೇಪರ್) ಶುರುಮಾಡಿ, ನಯವಾದ ಕಾಗದದವರೆಗೆ ಉಜ್ಜುತ್ತಲೇ ಇರುತ್ತಾರೆ, ಕನ್ನಡಿಯ ಹಾಗೆ ಹೊಳೆಯುವವರೆಗೆ. ಕೊನೆಗೆ ದ್ರಾವಣ ಹಚ್ಚಿದ ಬಟ್ಟೆಯಲ್ಲಿ ಒರೆಸುವುದು. ಒರೆಸುವಾಗ ಕೈ ಬಿಳಿಯಿಂದ, ಬಿಚ್ಚದೆ ಉಳಿದ ಕಪ್ಪು ಪದರದ ಕಡೆಗೆ ಮಾತ್ರ ಹೋಗಬೇಕು. ಅದೇ ಬಟ್ಟೆ ಕಪ್ಪಿನಿಂದ ಬಿಳಿಗೆ ಬಂದರೆ ಇಂಗಾಲದ ಕಣ ಅಂಟಿಕೊಳ್ಳುತ್ತದೆ. ಇವತ್ತು ಏನೂ ಆಗುವುದಿಲ್ಲ. ಟೆಸ್ಟಿನಲ್ಲೂ ಪಾಸಾಗಬಹುದು. ವರ್ಷಗಳು ಕಳೆದ ಮೇಲೆ ಒಂದು ದಿನ ಆ ಕಣ ಇದ್ದ ಜಾಗದಲ್ಲೇ ಜಾಯಿಂಟ್ ಸಿಡಿಯುತ್ತದೆ. ಇಂಥ ಕೆಲಸವನ್ನು ಉದ್ಘಾಟನೆಯ ದಿನಾಂಕ ನೋಡಿಕೊಂಡು ಅವಸರ ಮಾಡಿಸುವವರಿಗೆ ಏನು ಹೇಳುವುದು?

ಕಾವಿನ ವಿಷಯವೂ ಹಾಗೇ. ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ನಡುಭಾಗಕ್ಕೆ 110 ಕೆ.ವಿ.ಯ ನಾಲ್ಕು ನೆಲದಡಿ ಕೇಬಲುಗಳಿದ್ದವು. 1998ರ ಜನವರಿಯಲ್ಲಿ ಒಂದು ಕೆಟ್ಟಿತು. ಅಲ್ಲಿ ಅದು ಬೇಸಿಗೆ, ಮಳೆ ಇಲ್ಲದೆ ಮಣ್ಣು ಒಣಗಿತ್ತು. ಒಣ ಮಣ್ಣು ಕೇಬಲಿನ ಕಾವನ್ನು ಎಳೆದುಕೊಳ್ಳುವುದಿಲ್ಲ. ಫೆಬ್ರವರಿಯಲ್ಲಿ ಎರಡನೆಯದು ಹೋಯಿತು, ಭಾರ ಉಳಿದ ಎರಡರ ಮೇಲೆ ಬಿತ್ತು, 20ನೇ ತಾರೀಕಿನ ಹೊತ್ತಿಗೆ ಅವೂ ಕೈಕೊಟ್ಟವು. ಊರಿನ ವ್ಯಾಪಾರದ ಕೇಂದ್ರ ಸುಮಾರು ಐದು ವಾರ ಕತ್ತಲಲ್ಲಿ ಒದ್ದಾಡಿತು. ಕೊನೆಗೆ ಏನು ಮಾಡಿದರು ಗೊತ್ತಾ? ರೈಲು ಹಳಿಯ ಪಕ್ಕ ಕಂಬ ನೆಟ್ಟು, ಮೇಲಿನ ತಂತಿಯಲ್ಲಿ ತಾತ್ಕಾಲಿಕ ಲೈನ್ ಎಳೆದರು.

ಮೇಲಿನ ಲೈನ್ ಕೆಟ್ಟರೆ ಲೈನ್‌ಮನ್ ಕಣ್ಣಲ್ಲೇ ನೋಡಿ ಹೇಳುತ್ತಾನೆ. ಕೇಬಲ್ ಕೆಟ್ಟರೆ ಎಲ್ಲಿ ಅಂತ ಮೊದಲು ಹುಡುಕಬೇಕು. ವ್ಯಾನಿನಲ್ಲಿ ತಂದ ಯಂತ್ರದಿಂದ ಕೇಬಲಿಗೆ ಜೋರಾದ ವಿದ್ಯುತ್ ಹೊಡೆತ ಕೊಡುತ್ತಾರೆ. ಕೆಟ್ಟ ಜಾಗದಲ್ಲಿ ನೆಲದಡಿ ಢಬ್ ಅಂತ ಸದ್ದಾಗುತ್ತದೆ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ನೆಲಕ್ಕೆ ಮೈಕ್ ಇಟ್ಟು ಒಬ್ಬರು ರಸ್ತೆಯುದ್ದ ನಡೆಯುತ್ತಾರೆ. ಹಗಲು ಟ್ರಾಫಿಕ್ಕಿನ ಗದ್ದಲದಲ್ಲಿ ಕೇಳಿಸದು, ಹಾಗಾಗಿ ರಾತ್ರಿಯೇ ಬೇಕು. ಅಷ್ಟು ಮಾಡಿ ಅಗೆದರೆ, ಎಷ್ಟೋ ಸಲ ಸಿಗುವುದು ಯಾವುದೋ ಪೈಪಿಗಾಗಿ ಅಗೆದ ಜೆಸಿಬಿಯ ಹಲ್ಲಿನ ಗುರುತೋ ಹಳೇ ಜಾಯಿಂಟೋ.

ಕೇಬಲ್ ಎಲ್ಲಿ ಹೋಗಿದೆ ಅನ್ನುವ ನಕ್ಷೆ ವಿದ್ಯುತ್ ಕಚೇರಿಯಲ್ಲಿ ಮಾತ್ರ ಇದ್ದರೆ ಪ್ರಯೋಜನವಿಲ್ಲ. ನೀರಿನವರು, ಒಳಚರಂಡಿಯವರು, ಇಂಟರ್‌ನೆಟ್ ತಂತಿ ಎಳೆಯುವವರು, ಎಲ್ಲರ ಮೇಜಿನ ಮೇಲೂ ಒಂದೇ ನಕ್ಷೆ ಇರಬೇಕು. ನೀವೇ ಮನೆ ಮುಂದೆ ಏನಾದರೂ ಅಗೆಸುತ್ತಿದ್ದೀರಿ ಅಂದುಕೊಳ್ಳಿ. ಮಣ್ಣಿನಲ್ಲಿ ಎಚ್ಚರಿಕೆಯ ಪ್ಲಾಸ್ಟಿಕ್ ಪಟ್ಟಿಯೋ ಕಾಂಕ್ರೀಟ್ ಹಲಗೆಯೋ ಸಿಕ್ಕರೆ ಅದನ್ನು ಎತ್ತಿ ಬದಿಗಿಡಬೇಡಿ. ಅದರಡಿಯಲ್ಲೇ ಕೇಬಲ್ ಇರುತ್ತದೆ. ಜೆಸಿಬಿ ನಿಲ್ಲಿಸಿ, ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ. ನಮಸ್ಕಾರ.