ಪ್ಯಾನೆಲ್ ಬಾಗಿಲು ತೆಗೆಯುವ ಮುಂಚೆ

ಕೇಳುಗರೆಲ್ಲರಿಗೂ ನಮಸ್ಕಾರ.

ಮೋಟಾರಿನ ಬೇರಿಂಗ್ ಎಷ್ಟು ಬಿಸಿಯಾಗಿದೆ, ಟ್ಯಾಂಕಿನಲ್ಲಿ ನೀರೆಷ್ಟಿದೆ, ಪೈಪಿನಲ್ಲಿ ಒತ್ತಡ ಎಷ್ಟಿದೆ, ಇದನ್ನೆಲ್ಲ ಕಾರ್ಖಾನೆಯಲ್ಲಿ ಹಗಲೂ ರಾತ್ರಿ ಕಾಯುವುದು ಮಾನಿಟರಿಂಗ್ ಉಪಕರಣ. ಪರದೆಯ ಮೇಲೆ ಒಂದು ಅಂಕಿ ಬಂದರೆ ನಾವು ನಂಬಿಬಿಡುತ್ತೇವೆ. ಆ ಅಂಕಿ ನಮ್ಮ ತನಕ ಬರುವುದು ತಂತಿಯ ಮೇಲೆ ಅಲ್ವಾ? ತಂತಿ ಜೋಡಿಸಿದ್ದು ಸರಿಯಿಲ್ಲದಿದ್ದರೆ ಎಷ್ಟು ದುಬಾರಿ ಉಪಕರಣವಾದರೂ ಸುಳ್ಳೇ ಹೇಳುತ್ತದೆ. ಜೋಡಿಸುವವರ ಜೀವಕ್ಕೂ ಕುತ್ತು ತರುತ್ತದೆ. ಇವತ್ತಿನ ಮಾತು ಆ ಜೋಡಣೆಯ ಬಗ್ಗೆ.

ಮೊದಲು ಜೀವದ ವಿಷಯ. ಸ್ವಿಚ್ ಆಫ್ ಮಾಡಿದ ಮಾತ್ರಕ್ಕೆ ತಂತಿಗಳೆಲ್ಲ ಬಂದು ಸೇರುವ ಪ್ಯಾನೆಲ್ ಪೆಟ್ಟಿಗೆ ಸತ್ತಿದೆ ಎಂದು ತಿಳಿಯಬೇಡಿ. ಆಫ್ ಮಾಡಿದ ಜಾಗಕ್ಕೆ ನಿಮ್ಮದೇ ಬೀಗ ಹಾಕಿ, ಹೆಸರಿನ ಚೀಟಿ ಕಟ್ಟಿ, ಕೀ ನಿಮ್ಮ ಜೇಬಿನಲ್ಲೇ ಇಟ್ಟುಕೊಳ್ಳಿ. ಆಮೇಲೆ ಟೆಸ್ಟರ್ ತೆಗೆದುಕೊಳ್ಳಿ. ಮೊದಲು ಕರೆಂಟ್ ಇದೆ ಎಂದು ಗೊತ್ತಿರುವ ಕಡೆ ಇಟ್ಟು ನೋಡಿ. ನಂತರ ಕೆಲಸ ಮಾಡಬೇಕಾದ ಕಡೆ ನೋಡಿ. ಮತ್ತೆ ಮೊದಲಿನ ಜಾಗದಲ್ಲೇ ಇನ್ನೊಮ್ಮೆ ನೋಡಿ. ಈ ಮೂರನೇ ಸಲ ಯಾಕೆ ಅಂದರೆ, ನಡುವೆ ಟೆಸ್ಟರೇ ಕೆಟ್ಟಿದ್ದರೆ ಅದು ಕರೆಂಟ್ ಇರುವ ತಂತಿಯನ್ನೂ ‘ಇಲ್ಲ’ ಎಂದೇ ತೋರಿಸುತ್ತದೆ. ಅರ್ಧ ನಿಮಿಷದ ಕೆಲಸ ಇದು. ದಯವಿಟ್ಟು ಬಿಡಬೇಡಿ.

ಇನ್ನೊಂದು ಮಾತು. ಉಪಕರಣದ ಪವರ್ ಆಫ್ ಆಗಿದ್ದರೂ ಅದರ ಅಲಾರಂ ಹೊಡೆಸುವ ರಿಲೇ ಸ್ವಿಚ್ಚಿನ ಟರ್ಮಿನಲ್‌ಗೆ ಬೇರೆ ಪ್ಯಾನೆಲ್‌ನಿಂದ 230 ವೋಲ್ಟ್ ಬರುತ್ತಿರಬಹುದು. ಯುಪಿಎಸ್‌ನಿಂದಲೂ ಬರಬಹುದು. ಹಾಗಾಗಿ ಮುಟ್ಟಬೇಕಾದ ಒಂದೊಂದು ಟರ್ಮಿನಲ್ಲನ್ನೂ ನೋಡಿಯೇ ಮುಟ್ಟಿ. ಪಕ್ಕದಲ್ಲಿ ಮೋಟಾರಿನ ವೇಗ ಹಿಡಿತದಲ್ಲಿಡುವ ಮೋಟಾರ್ ಡ್ರೈವ್ ಇದ್ದರೆ ಅದರ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತದೆ. ಎಷ್ಟು ನಿಮಿಷ ಕಾಯಬೇಕು ಎಂದು ಡ್ರೈವ್ ಮೇಲೆಯೇ ಬರೆದಿರುತ್ತಾರೆ. ಅಷ್ಟು ಹೊತ್ತು ಕಾದು, ಅಳೆದು ನೋಡಿಯೇ ಮುಂದುವರಿಯಿರಿ.

ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ಇರುವುದು ಸಿ.ಟಿ. ಬಗ್ಗೆ, ಅಂದರೆ ದೊಡ್ಡ ಕರೆಂಟ್ ಅಳೆಯಲು ಕೇಬಲ್ ಸುತ್ತ ಕೂರಿಸುವ ಕರೆಂಟ್ ಟ್ರಾನ್ಸ್‌ಫಾರ್ಮರ್. ಅದರಿಂದ ಮೀಟರಿಗೆ ಬರುವುದು 5 ಆಂಪಿಯರೋ 1 ಆಂಪಿಯರೋ ಅಷ್ಟೇ. ನೋಡಲು ತೀರಾ ಸಾಧು. ಆದರೆ ಮುಖ್ಯ ಕೇಬಲ್‌ನಲ್ಲಿ ಕರೆಂಟ್ ಹರಿಯುತ್ತಿರುವಾಗ ಮೀಟರಿನಿಂದ ಆ ತಂತಿ ಬಿಚ್ಚಿದಿರೋ, ಬಿಚ್ಚಿದ ತುದಿಗಳ ನಡುವೆ ಸಾವಿರಾರು ವೋಲ್ಟ್ ಏಳಬಹುದು. ಹತ್ತಿರ ಇದ್ದವರ ಜೀವ ಹೋಗಬಹುದು, ಸಿ.ಟಿ. ಸುಟ್ಟೂ ಹೋಗಬಹುದು. ಆದ್ದರಿಂದ ಲೋಡ್ ಆಫ್ ಮಾಡಿಯೇ ಈ ಕೆಲಸ ಮಾಡಿ. ಅದು ಆಗದಿದ್ದರೆ, ಬಿಚ್ಚುವ ಮುಂಚೆ ಶಾರ್ಟಿಂಗ್ ಲಿಂಕ್ ಹಾಕಿ ಆ ಎರಡು ತಂತಿಗಳನ್ನು ಕೂಡಿಸಲೇಬೇಕು. ಇದೇ ಕಾರಣಕ್ಕೆ ಸಿ.ಟಿ.ಯಿಂದ ಮೀಟರಿಗೆ ಬರುವ ಸೆಕೆಂಡರಿ ತಂತಿಗೆ ಫ್ಯೂಸ್ ಹಾಕುವುದಿಲ್ಲ.

ಈಗ ಸೆನ್ಸರ್ ಕಡೆಗೆ ಬರೋಣ. ಅದು ಅಳೆದದ್ದನ್ನು ಕರೆಂಟಿನ ರೂಪದಲ್ಲಿ ಉಪಕರಣಕ್ಕೆ ಕಳಿಸುವುದು ಟ್ರಾನ್ಸ್‌ಮಿಟರ್. ಹೆಚ್ಚಿನ ಟ್ರಾನ್ಸ್‌ಮಿಟರ್‌ಗಳು 4ರಿಂದ 20 ಮಿಲಿಆಂಪಿಯರ್‌ನಲ್ಲಿ ಮಾತಾಡುತ್ತವೆ. ಟ್ಯಾಂಕ್ ಖಾಲಿ ಇದ್ದರೆ 4, ತುಂಬಿದ್ದರೆ 20. ಸೊನ್ನೆಯಿಂದ ಯಾಕೆ ಶುರು ಮಾಡಲಿಲ್ಲ? ತಂತಿ ತುಂಡಾದರೆ ಸೊನ್ನೆ ಬರುತ್ತದೆ. ಖಾಲಿ ಟ್ಯಾಂಕಿಗೂ ಸೊನ್ನೆ ಇಟ್ಟಿದ್ದರೆ ಟ್ಯಾಂಕ್ ಖಾಲಿಯೋ ತಂತಿ ತುಂಡೋ ಹೇಗೆ ತಿಳಿಯುವುದು? ಎಷ್ಟು ಒಳ್ಳೆಯ ಯೋಚನೆ ನೋಡಿ. ಎರಡು ತಂತಿಯ ಟ್ರಾನ್ಸ್‌ಮಿಟರ್ ಆದರೆ ಅದಕ್ಕೆ ಬೇಕಾದ 24 ವೋಲ್ಟ್ ಪವರ್ ಕೂಡ ಅದೇ ತಂತಿಗಳಲ್ಲೇ ಹೋಗುತ್ತದೆ. ನಾಲ್ಕು ತಂತಿಯದಕ್ಕೆ ಬೇರೆ ಪವರ್ ಇರುತ್ತದೆ, ಕರೆಂಟನ್ನು ಅದೇ ಕೊಡುತ್ತದೆ. ಅದನ್ನು ತಾನೂ ಪವರ್ ಕೊಡುವ ಇನ್‌ಪುಟ್‌ಗೆ ಸೇರಿಸಿದರೆ ಎರಡೂ ಕಡೆಯಿಂದ ತಳ್ಳಿದಂತಾಗಿ ಆ ಇನ್‌ಪುಟ್‌ನ ಕಾರ್ಡ್ ಹಾಳಾಗಬಹುದು. ತಂತಿ ಸೇರಿಸುವ ಮುಂಚೆ ಮ್ಯಾನುಯಲ್‌ನ ಚಿತ್ರ ಒಮ್ಮೆ ನೋಡಿ.

ಉಷ್ಣಾಂಶಕ್ಕೆ ಪಿಟಿ-100 ಬಳಸುತ್ತೀರಾ? ಬಿಸಿಯೇರಿದಂತೆ ರೋಧ ಏರುವ ಪ್ಲಾಟಿನಂ ಸೆನ್ಸರ್ ಅದು. ಸೊನ್ನೆ ಡಿಗ್ರಿಯಲ್ಲಿ ಅದರ ರೋಧ 100 ಓಮ್. ಒಂದು ಡಿಗ್ರಿ ಏರಿದರೆ ಸುಮಾರು 0.385 ಓಮ್ ಮಾತ್ರ ಏರುತ್ತದೆ. ಅಂದರೆ ತಂತಿಯಲ್ಲೇ 2 ಓಮ್ ಇದ್ದರೆ ಪರದೆಯಲ್ಲಿ ಸುಮಾರು 5 ಡಿಗ್ರಿ ಜಾಸ್ತಿ ಕಾಣುತ್ತದೆ. ಮೂರು ತಂತಿ ಕೊಡುವುದು ಇದನ್ನು ಕಳೆಯುವುದಕ್ಕೇ. ಮೂರೂ ಒಂದೇ ಉದ್ದ, ಒಂದೇ ದಪ್ಪ ಇರಬೇಕು. ಎರಡು ಬೇರೆ ಲೋಹದ ತಂತಿ ಕೂಡಿಸಿ ಮಾಡಿದ ಥರ್ಮೋಕಪಲ್ ಸೆನ್ಸರ್ ಆದರೆ ಅದರದೇ ಜಾತಿಯ ಕಾಂಪೆನ್ಸೇಟಿಂಗ್ ಕೇಬಲ್ ಬೇಕು. ಕೈಗೆ ಸಿಕ್ಕ ತಾಮ್ರದ ತಂತಿ ಸೇರಿಸಿ ಉದ್ದ ಮಾಡಬೇಡಿ.

ನಾನು ಕೆಲಸ ಮಾಡುತ್ತಿದ್ದ ಒಂದು ಕಡೆ, ಪಂಪ್ ಶುರುವಾದಾಗೆಲ್ಲ ಬೇರಿಂಗ್ ಉಷ್ಣಾಂಶ ಒಮ್ಮೆಲೇ 6 ಡಿಗ್ರಿ ಹಾರುತ್ತಿತ್ತು. ಪಂಪ್ ನಿಂತ ತಕ್ಷಣ ಇಳಿಯುತ್ತಿತ್ತು. ಕಬ್ಬಿಣದ ಬೇರಿಂಗ್ ಅಷ್ಟು ಬೇಗ ಬಿಸಿಯಾಗಿ ತಣ್ಣಗಾಗಲು ಸಾಧ್ಯವೇ ಇಲ್ಲ. ಆದರೂ ಎರಡು ಸಲ ಸೆನ್ಸರ್ ಬದಲಾಯಿಸಿದೆವು. ಕೊನೆಗೆ ಕೇಬಲ್ ಹಿಡಿದು ನಡೆಯುತ್ತಾ ಹೋದೆವು. ಡ್ರೈವ್‌ನಿಂದ ಪಂಪಿಗೆ ಹೋಗುವ ಪವರ್ ಕೇಬಲ್ ಜೊತೆಗೇ ನಮ್ಮ ಸೆನ್ಸರ್ ಕೇಬಲ್ ಒಂದೇ ಟ್ರೇಯಲ್ಲಿ ಮಲಗಿತ್ತು. ಮೇಲಾಗಿ ಅದರ ಶೀಲ್ಡನ್ನು, ಅಂದರೆ ಒಳಗಿನ ತಂತಿಗಳ ಸುತ್ತ ಇರುವ ಲೋಹದ ಹೊದಿಕೆಯನ್ನು, ಎರಡೂ ತುದಿಯಲ್ಲಿ ಅರ್ಥ್ ಮಾಡಿದ್ದರು. ಎರಡು ಜಾಗದ ಅರ್ಥ್ ಯಾವಾಗಲೂ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಆ ವ್ಯತ್ಯಾಸದಿಂದ ಶೀಲ್ಡ್‌ನಲ್ಲೇ ಕರೆಂಟ್ ಹರಿದು ಒಳಗಿನ ಸಿಗ್ನಲ್ ಕೆಡಿಸುತ್ತಿತ್ತು. ಸೆನ್ಸರ್ ತುದಿಯ ಶೀಲ್ಡ್ ಕತ್ತರಿಸಿ ಸ್ಲೀವ್ ಹಾಕಿ ಮುಚ್ಚಿದೆವು, ಪ್ಯಾನೆಲ್ ತುದಿಯಲ್ಲಿ ಮಾತ್ರ ಅರ್ಥ್ ಉಳಿಸಿದೆವು. ಕೇಬಲ್ಲನ್ನು ಬೇರೆ ಟ್ರೇಗೆ ತಂದೆವು. ಪವರ್ ಕೇಬಲ್ ದಾಟಲೇಬೇಕಾದ ಒಂದು ಕಡೆ ನೇರ ಅಡ್ಡಲಾಗಿ ದಾಟಿಸಿದೆವು. ಸಂಜೆ ಪಂಪ್ ಶುರು ಮಾಡಿದಾಗ ಅಂಕಿ ಅಲುಗಲಿಲ್ಲ. ಕೆಲವು ಉಪಕರಣಗಳಿಗೆ ಎರಡೂ ತುದಿ ಅರ್ಥ್ ಮಾಡಿ ಎಂದೇ ತಯಾರಕರು ಹೇಳಿರುತ್ತಾರೆ. ಅಲ್ಲಿ ಅವರು ಹೇಳಿದಂತೆಯೇ ಮಾಡಿ.

ಇನ್ನು ತಂತಿಯ ತುದಿ. ಇನ್ಸುಲೇಶನ್ ಸುಲಿಯುವಾಗ ಒಳಗಿನ ಎಳೆಗಳಿಗೆ ಬ್ಲೇಡ್ ತಾಗಬಾರದು. ಎಳೆಗಳೆಲ್ಲ ಒಳಗೆ ಹೋಗುವಂತೆ ಪಿನ್ ಲಗ್ ಎಂಬ ಲೋಹದ ತುದಿ ಹಾಕಿ, ಒತ್ತಿ ಕ್ರಿಂಪ್ ಮಾಡಿ. ಹೊರಗೆ ಉಳಿದ ಒಂದೇ ಒಂದು ಎಳೆ ಪಕ್ಕದ ಟರ್ಮಿನಲ್ ಮುಟ್ಟಿದರೆ ಸಾಕು, ಶಾರ್ಟ್ ಆಗುತ್ತದೆ. ತುದಿಗೆ ಸೋಲ್ಡರ್ ಹಾಕಿ ಸ್ಕ್ರೂ ಬಿಗಿಯುವ ಅಭ್ಯಾಸ ಬಿಡಿ. ಸೋಲ್ಡರ್ ಮೆತ್ತನೆ ಲೋಹ, ಒತ್ತಡಕ್ಕೆ ದಿನ ಕಳೆದಂತೆ ಹರಡಿ ಸ್ಕ್ರೂ ಸಡಿಲವಾಗುತ್ತದೆ. ಪವರ್ ಟರ್ಮಿನಲ್‌ನಲ್ಲಿ ಸಡಿಲ ಅಂದರೆ ಬಿಸಿ, ಬಿಸಿ ಅಂದರೆ ಬೆಂಕಿ. ಬಿಗಿದ ಮೇಲೆ ಪ್ರತಿ ತಂತಿಯನ್ನೂ ಮೆಲ್ಲಗೆ ಎಳೆದು ನೋಡಿ. ಕೇಬಲ್ ಕೆಳಗಿನಿಂದ, ಅದನ್ನು ಬಿಗಿಯಾಗಿ ಹಿಡಿಯುವ ಗ್ಲ್ಯಾಂಡ್ ಮೂಲಕ ಬರಲಿ, ಖಾಲಿ ತೂತುಗಳನ್ನು ಮುಚ್ಚಿ, ನೀರು ಒಳಗೆ ಹೋಗಬಾರದು.

ಪ್ರತಿ ತಂತಿಗೂ ಫೆರೂಲ್, ಅಂದರೆ ನಂಬರ್ ಇರುವ ಚಿಕ್ಕ ಕೊಳವೆ ಹಾಕಿ. ಏನಾದರೂ ಬದಲಾಯಿಸಿದರೆ ಆವತ್ತೇ ಡ್ರಾಯಿಂಗ್‌ನಲ್ಲಿ ಕೆಂಪು ಪೆನ್ನಿನಿಂದ ತಿದ್ದಿ, ತಾರೀಖು ಬರೆದು, ಪ್ಯಾನೆಲ್ ಬಾಗಿಲಿನ ಒಳಗೆ ಇಡಿ. ಮುಂದೊಂದು ರಾತ್ರಿ ಯಾರೋ ಟಾರ್ಚ್ ಹಿಡಿದು ಅದೇ ಬಾಗಿಲು ತೆಗೆಯುತ್ತಾರೆ. ಅವರ ಕೈಗೆ ಸಿಗುವುದು ನೀವು ಬರೆದಿಟ್ಟ ಆ ಹಾಳೆ.

ನಮಸ್ಕಾರ.