ಕೆಲಸ ಚಿಕ್ಕದಾಗಲಿ, ನಿಲ್ಲುವುದು ಬೇಡ

ನಮಸ್ಕಾರ. ವಿಶ್ವವಿದ್ಯಾಲಯಗಳಲ್ಲಿ ಪಾಠ ಮಾಡುವ ಮೇಷ್ಟ್ರುಗಳೇ, ಮೇಡಂಗಳೇ, ಪಿಎಚ್‌ಡಿ ಅರ್ಧಕ್ಕೆ ನಿಂತಿರುವ ಸ್ನೇಹಿತರೇ, ಈ ಮಾತು ನಿಮಗಾಗಿ.

ಯುದ್ಧ, ಪ್ರವಾಹ, ಸಾಂಕ್ರಾಮಿಕ ರೋಗ, ಅನುದಾನಕ್ಕೆ ಕತ್ತರಿ. ಕಾರಣ ಯಾವುದೇ ಇರಲಿ, ಲ್ಯಾಬಿಗೆ ಬೀಗ ಬಿದ್ದಾಗ ನಾನು ಕೇಳುವ ಮಾತು ಒಂದೇ: "ಸಾರ್, ಹುಮ್ಮಸ್ಸೇ ಬರ್ತಿಲ್ಲ." ನನ್ನ ಉತ್ತರವೂ ಒಂದೇ. ಕೆಲಸವನ್ನು ಚಿಕ್ಕದು ಮಾಡಿ. ನಿಲ್ಲಿಸಬೇಡಿ.

ಇಂಥ ಹೊತ್ತಲ್ಲಿ ಯಾರಾದರೂ ನ್ಯೂಟನ್ ಹೆಸರು ತೆಗೆದೇ ತೆಗೆಯುತ್ತಾರೆ. 1665ರಲ್ಲಿ ಪ್ಲೇಗ್ ಬಂದು ಕೇಂಬ್ರಿಡ್ಜ್ ಮುಚ್ಚಿತು, ಆತ ಊರಿಗೆ ಹೋಗಿ ಗಣಿತವನ್ನೇ ಬದಲಿಸಿಬಿಟ್ಟ, ನೀವೇನು ಮಾಡಿದಿರಿ ಅಂತ. ಸ್ವಾಮಿ, ಅವನಿಗೆ ಆಗ 22 ವರ್ಷ. ಡಿಗ್ರಿ ಆಗಷ್ಟೇ ಮುಗಿದಿತ್ತು. ಪಾಠ ಮಾಡಬೇಕಾಗಿರಲಿಲ್ಲ, ಉತ್ತರಪತ್ರಿಕೆ ತಿದ್ದಬೇಕಾಗಿರಲಿಲ್ಲ, ಆನ್‌ಲೈನ್ ಹಾಜರಿಯಂತೂ ಇಲ್ಲವೇ ಇಲ್ಲ. ಅವನನ್ನು ಬಿಟ್ಟುಬಿಡಿ.

ನನಗೆ ಇಷ್ಟವಾದವರು ರೀಟಾ ಲೆವಿ-ಮೊಂಟಾಲ್ಚಿನಿ. ಇಟಲಿಯ ಟ್ಯೂರಿನ್‌ನ ನರವಿಜ್ಞಾನಿ. 1938ರಲ್ಲಿ ಅಲ್ಲಿನ ಸರ್ಕಾರ ಯಹೂದಿಗಳ ವಿರುದ್ಧ ಕಾನೂನು ತಂದಿತು. ಇವರ ವಿಶ್ವವಿದ್ಯಾಲಯದ ಕೆಲಸ ಹೋಯಿತು. ಲ್ಯಾಬ್ ಇಲ್ಲ, ಸಂಬಳ ಇಲ್ಲ, ಸುತ್ತ ಯುದ್ಧ. ಏನು ಮಾಡಿದರು ಗೊತ್ತಾ? ತಮ್ಮ ಮಲಗುವ ಕೋಣೆಯಲ್ಲೇ ಮೈಕ್ರೋಸ್ಕೋಪ್ ಇಟ್ಟರು. ಹೊಲಿಗೆ ಸೂಜಿ ಮಸೆದು ಚಾಕು ಮಾಡಿಕೊಂಡರು. ಪ್ರಯೋಗಕ್ಕೆ ಕೋಳಿಮೊಟ್ಟೆ. ಮೊಟ್ಟೆಯೊಳಗಿನ ಭ್ರೂಣದಲ್ಲಿ ಕಾಲು ಮೂಡುವ ಮೊಗ್ಗನ್ನು ಕತ್ತರಿಸಿದರೆ, ಅಲ್ಲಿಗೆ ಹೋಗಬೇಕಿದ್ದ ನರಕೋಶಗಳ ಗತಿ ಏನು? ಇಷ್ಟೇ ಪ್ರಶ್ನೆ. ನೋಡಿ, ಎಷ್ಟು ಚಿಕ್ಕದು! ಅವರ ಮೇಷ್ಟ್ರು ಜುಸೆಪ್ಪೆ ಲೆವಿಯವರ ಕೆಲಸವೂ ಅದೇ ಕಾನೂನಿಗೆ ಹೋಗಿತ್ತು. ಅವರು ಬಂದು ಈ ಕೋಣೆಯಲ್ಲಿ ಶಿಷ್ಯೆಗೇ ಸಹಾಯಕರಾದರು.

ಬಾಂಬ್ ಬೀಳುವಾಗ ಮೈಕ್ರೋಸ್ಕೋಪ್ ಎತ್ತಿಕೊಂಡು ನೆಲಮಾಳಿಗೆಗೆ ಓಡುತ್ತಿದ್ದರು. ದಾಳಿ ಜಾಸ್ತಿಯಾದಾಗ ಮನೆಯವರೆಲ್ಲ ಹಳ್ಳಿಗೆ ಹೋದರು. ಮೈಕ್ರೋಸ್ಕೋಪೂ ಹೋಯಿತು. ಅಲ್ಲಿ ಸೈಕಲ್ ಹತ್ತಿ ರೈತರ ಮನೆ ಮನೆಗೆ ಹೋಗಿ, "ಮಕ್ಕಳಿಗೆ ಬೇಕು" ಅಂತ ಸುಳ್ಳು ಹೇಳಿ ಮೊಟ್ಟೆ ತರುತ್ತಿದ್ದರು. ಇವರಿಗೆ ಮಕ್ಕಳೇ ಇರಲಿಲ್ಲ! ಪ್ರಯೋಗ ಮುಗಿದ ಮೇಲೆ ಉಳಿದದ್ದು ಆಮ್ಲೆಟ್. ಮೊಗ್ಗು ಕತ್ತರಿಸಿದರೂ ಆ ನರಕೋಶಗಳು ಹುಟ್ಟುತ್ತವೆ, ಆಮೇಲೆ ಸಾಯುತ್ತವೆ ಎಂದು ಅವರು ಕಂಡುಕೊಂಡದ್ದು ಹೀಗೆ. ಇದರ ಬಗ್ಗೆ ಬರೆದ ಲೇಖನ ಓದಿಯೇ, ಯುದ್ಧ ಮುಗಿದ ಮೇಲೆ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿದ್ದ ವಿಜ್ಞಾನಿ ವಿಕ್ಟರ್ ಹ್ಯಾಂಬರ್ಗರ್ ರೀಟಾ ಅವರನ್ನು ತಮ್ಮಲ್ಲಿಗೆ ಕರೆಸಿಕೊಂಡರು. ನರಗಳನ್ನು ಬೆಳೆಸುವ ವಸ್ತು ಅಲ್ಲಿ ಸಿಕ್ಕಿತು. 1986ರಲ್ಲಿ ನೊಬೆಲ್ ಬಂತು.

ನೊಬೆಲ್ ಮರೆತುಬಿಡಿ. ನನಗೆ ಬೇಕಿರುವುದು ಆ ಸೂಜಿ. ಇಡೀ ನರಮಂಡಲ ಅಲ್ಲ, ಈ ವಾರ ಈ ಮೊಟ್ಟೆ. ನಿಮಗೆ ಪುಸ್ತಕ ಬರೆಯಲು ಆಗುತ್ತಿಲ್ಲವಾ? ಒಂದು ಪ್ಯಾರಾ ಬರೆಯಿರಿ. ಹೊಸ ಅಂಕಿಅಂಶ ತರಲು ದಾರಿಯಿಲ್ಲವಾ? ಹಳೆಯದರಲ್ಲಿ ಒಂದು ಕೋಷ್ಟಕ ಸರಿಮಾಡಿ. ಹುಮ್ಮಸ್ಸು ಮೊದಲು ಬರಲಿ, ಆಮೇಲೆ ಕೂರೋಣ ಎಂದರೆ ಅದು ಬರುವುದೇ ಇಲ್ಲ. ಕೂತ ಇಪ್ಪತ್ತು ನಿಮಿಷಕ್ಕೆ ಬರುತ್ತದೆ, ಅದರ ಸ್ವಭಾವವೇ ಹಾಗೆ.

ಅಯ್ಯೋ, ಸ್ಟುಡಿಯೋ ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಇನ್ನೂ ಮೂರು ವಿಷಯ ಬರೆದುಕೊಂಡು ಬಂದಿದ್ದೆ. ಬೇಗ ಹೇಳಿಬಿಡುತ್ತೇನೆ. ಕೆಲಸದಿಂದ ಏಳುವ ಮೊದಲು ನಾಳೆ ಎಲ್ಲಿಂದ ಶುರು ಅಂತ ಒಂದು ಸಾಲು ಬರೆದಿಟ್ಟು ಏಳಿ. ವಾರಕ್ಕೊಮ್ಮೆ ಒಬ್ಬ ಸಹೋದ್ಯೋಗಿಗೆ ಫೋನ್ ಮಾಡಿ, ಕೆಲಸದ ಮಾತೇ ಆಡಿ. ಲೆವಿ ಮೇಷ್ಟ್ರಂಥವರು ಒಬ್ಬರಾದರೂ ಬೇಕಲ್ವಾ? ಮೂರನೆಯದು, ದಯವಿಟ್ಟು, ವಿಭಾಗದ ಮುಖ್ಯಸ್ಥರೇ, ಹುಮ್ಮಸ್ಸು ಹೆಚ್ಚಿಸಲು ಅಂತ ಸುಮ್ನೆ ಇನ್ನೊಂದು ವೆಬಿನಾರ್ ಇಡಬೇಡಿ. ಆ ಒಂದು ಗಂಟೆಯನ್ನು ನಿಮ್ಮ ವಿಭಾಗದವರಿಗೇ ಬಿಟ್ಟುಕೊಡಿ.

ಒಂದು ಹೇಳುವುದು ಮರೆತೆ. ಸೇಂಟ್ ಲೂಯಿಸ್‌ಗೆ ರೀಟಾ ಹೋದದ್ದು ಒಂದೇ ಸೆಮಿಸ್ಟರ್‌ಗೆ ಅಂತ. ಅಲ್ಲಿ ಮೂವತ್ತು ವರ್ಷ ಕೆಲಸ ಮಾಡಿದರು. ನಮಸ್ಕಾರ.